ಪವರ್ ಸ್ಟೀರಿಂಗ್ ಆಯಿಲ್ ಸಣ್ಣಗೆ ಸೋರುತ್ತಿದೆ, ರ‍್ಯಾಕ್ ಬದಲಿಸಲೇಬೇಕಾ?

ಪ್ರಶ್ನೆ: ನನ್ನದು 2010ರ ಏಳು ಸೀಟಿನ ಡೀಸೆಲ್ ಗಾಡಿ. 2 ಲಕ್ಷ 30 ಸಾವಿರ ಕಿ.ಮೀ. ಓಡಿದೆ. ಈಚೆಗಷ್ಟೇ ಆರ್‌ಸಿಯನ್ನು ಇನ್ನೈದು ವರ್ಷಕ್ಕೆ ನವೀಕರಿಸಿದ್ದೇನೆ, ಮಾರುವ ಯೋಚನೆ ಇಲ್ಲ. ನಾಲ್ಕೈದು ತಿಂಗಳಿಂದ ಪವರ್ ಸ್ಟೀರಿಂಗ್ ಆಯಿಲ್ ಸ್ವಲ್ಪ ಸ್ವಲ್ಪ ಕಡಿಮೆಯಾಗುತ್ತಿದೆ. ಬೆಳಿಗ್ಗೆ ಗಾಡಿ ತೆಗೆದರೆ ನೆಲದ ಮೇಲೆ ಐದು ರೂಪಾಯಿ ನಾಣ್ಯದಷ್ಟು ಕೆಂಪು ಕಲೆ. ಎರಡು ತಿಂಗಳಿಗೊಮ್ಮೆ ಟಾಪ್‌ಅಪ್ ಮಾಡುತ್ತೇನೆ. ಗ್ಯಾರೇಜಿನವರು ರ‍್ಯಾಕ್ (ಸ್ಟೀರಿಂಗ್ ತಿರುವನ್ನು ಮುಂದಿನ ಚಕ್ರಗಳಿಗೆ ಮುಟ್ಟಿಸುವ ಭಾಗ) ಹೋಗಿದೆ, 28 ಸಾವಿರ ಆಗುತ್ತೆ ಅಂದರು. ಬಿಡಿಭಾಗದ ಅಂಗಡಿಯವರು ಲೀಕ್ ನಿಲ್ಲಿಸುವ ಬಾಟಲಿ ಕೊಡ್ತೀನಿ ಅಂದರು. ಪಕ್ಕದ ಮನೆಯವರು ಎರಡು ಚಮಚ ಬ್ರೇಕ್ ಆಯಿಲ್ ಹಾಕಿ, ನಿಲ್ಲುತ್ತೆ ಅನ್ನುತ್ತಾರೆ. ಮುಂದಿನ ತಿಂಗಳು ಮನೆಯವರನ್ನೆಲ್ಲ ಕರೆದುಕೊಂಡು ಚಾರ್ಮಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ಹೋಗಬೇಕು. ಏನು ಮಾಡಲಿ? (ಕಡೂರಿನ ಓದುಗರು)

ಉತ್ತರ: ಮೊದಲು ಪಕ್ಕದ ಮನೆಯವರ ಮಾತನ್ನು ಪಕ್ಕಕ್ಕಿಡಿ. ಬ್ರೇಕ್ ಆಯಿಲ್ ಹಾಕಬೇಡಿ. ಎರಡು ಚಮಚವೂ ಬೇಡ, ಎರಡು ತೊಟ್ಟೂ ಬೇಡ.

ಈ ಉಪಾಯ ಎಲ್ಲಿಂದ ಬಂತು ಅಂತ ನನಗೆ ಗೊತ್ತು. ಬ್ರೇಕ್ ಆಯಿಲ್ ತಾಗಿದರೆ ಸ್ಟೀರಿಂಗ್ ಸೀಲಿನ ರಬ್ಬರ್ ಊದಿಕೊಳ್ಳುತ್ತದೆ. ಊದಿದ ಸೀಲು ಕೆಲವು ದಿನ ಬಿಗಿಯಾಗಿ ಕೂರುತ್ತದೆ, ಸೋರುವುದು ನಿಲ್ಲುತ್ತದೆ. ‘ನೋಡಿ, ಹೇಳಿದ್ದೆ ಅಲ್ವಾ’ ಅನ್ನುವುದಕ್ಕೆ ಅಷ್ಟು ಸಾಕು. ಆಮೇಲೆ ಅದೇ ರಬ್ಬರ್ ಮೆತ್ತಗಾಗಿ, ಬೆರಳಲ್ಲಿ ತಿಕ್ಕಿದರೆ ಕಪ್ಪು ಮಸಿ ಬಿಡುವ ಹಾಗೆ ಆಗುತ್ತದೆ. ಆಗ ಸೋರುವುದು ಒಂದು ಜಾಗದಲ್ಲಲ್ಲ, ಪಂಪು, ರ‍್ಯಾಕು, ಹೋಸು ಎಲ್ಲ ಕಡೆ. ಸ್ಟೀರಿಂಗ್ ಆಯಿಲ್ ಪೆಟ್ರೋಲಿಯಂ ಜಾತಿಯದ್ದು, ಅದರ ಸೀಲುಗಳು ಸಾಮಾನ್ಯವಾಗಿ ನೈಟ್ರೈಲ್ ರಬ್ಬರಿನವು. ನಮ್ಮ ಗಾಡಿಗಳ ಬ್ರೇಕ್ ಆಯಿಲ್ ಗ್ಲೈಕಾಲ್ ಜಾತಿಯದ್ದು, ಅದರ ಸೀಲೇ ಬೇರೆ. ತಿರುಗುಮುರುಗಾದರೆ ಇನ್ನೂ ಅಪಾಯ. ಬ್ರೇಕಿನ ಡಬ್ಬಿಗೆ ಅಪ್ಪಿತಪ್ಪಿ ಸ್ಟೀರಿಂಗ್ ಆಯಿಲ್ ಬಿದ್ದರೆ ಬ್ರೇಕಿನ ಸೀಲುಗಳು ಊದಿ ಬ್ರೇಕೇ ಕೈಕೊಡುತ್ತದೆ. ಬಾನೆಟ್ ಕೆಳಗೆ ಎರಡು ಡಬ್ಬಿಗಳೂ ದೂರವೇನಿರುವುದಿಲ್ಲ. ಮುಚ್ಚಳ ಓದಿಯೇ ತೆಗೆಯಿರಿ.

ಈಗ ರ‍್ಯಾಕಿನ ವಿಷಯಕ್ಕೆ ಬರೋಣ. ರ‍್ಯಾಕ್ ಹೋಗಿರಲೂಬಹುದು. ಆದರೆ ಗ್ಯಾರೇಜಿನವರು ಏನು ನೋಡಿ ಹಾಗೆ ಹೇಳಿದರು ಅನ್ನುವುದೇ ನನ್ನ ಪ್ರಶ್ನೆ. ಗಾಡಿಯನ್ನು ಲಿಫ್ಟ್ ಮೇಲೆತ್ತಿ, ರ‍್ಯಾಕ್ ಒದ್ದೆಯಾಗಿರುವುದನ್ನು ನೋಡಿ ಹೇಳಿದ್ದರೆ ಅದು ಪರೀಕ್ಷೆಯಲ್ಲ, ಊಹೆ. ಯಾಕೆಂದರೆ ಈ ಇಡೀ ವ್ಯವಸ್ಥೆಯಲ್ಲಿ ಎಲ್ಲಕ್ಕಿಂತ ಕೆಳಗಿರುವುದೇ ರ‍್ಯಾಕ್. ಮೇಲೆ ಎಲ್ಲಿ ಸೋರಿದರೂ ಎಣ್ಣೆ ಬಂದು ನಿಲ್ಲುವುದು ಅದರ ಮೇಲೇ.

ಮಲೆನಾಡಿನ ಹೆಂಚಿನ ಮನೆಯಲ್ಲಿ ಇದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನೀರು ತೊಟ್ಟಿಕ್ಕುವುದು ಅಡುಗೆಮನೆಯಲ್ಲಿ, ಒಡೆದ ಹೆಂಚಿರುವುದು ಮೂರು ಮಾರು ಆಚೆ. ನೀರು ರೀಪಿನ ಗುಂಟ ಹರಿದು ಬಂದು ತನಗೆ ಬೇಕಾದ ಕಡೆ ಬೀಳುತ್ತದೆ. ಬಾನೆಟ್ ಕೆಳಗೂ ಅಷ್ಟೇ. ಎಣ್ಣೆ ಹೋಸಿನ ಮೈಮೇಲೆ ಹರಿಯುತ್ತದೆ, ಬ್ರಾಕೆಟ್ಟಿನ ಅಂಚು ಹಿಡಿಯುತ್ತದೆ, ಫ್ಯಾನಿನ ಗಾಳಿಗೆ ಹಿಂದಕ್ಕೆ ಚದುರುತ್ತದೆ. ಅದಕ್ಕೇ ನಾವು ಹುಡುಕುವುದು ಅತಿ ಹೆಚ್ಚು ಒದ್ದೆಯಾದ ಜಾಗವನ್ನಲ್ಲ, ಅತಿ ಮೇಲಿನ ಒದ್ದೆ ಜಾಗವನ್ನು.

ಈ ಪಾಠ ನಾನು ಕಲಿತದ್ದು ಕೈ ಸುಟ್ಟುಕೊಂಡೇ. ಬಹಳ ವರ್ಷದ ಹಿಂದೆ ಒಂದು ಗಾಡಿಗೆ ಪಂಪಿನ ಶಾಫ್ಟ್ ಸೀಲ್ ಬದಲಿಸಿ ಕಳಿಸಿದೆ. ಹದಿನೈದು ದಿನಕ್ಕೆ ವಾಪಸ್ ಬಂತು, ಪಂಪು ಮತ್ತೆ ಒದ್ದೆ. ಸೀಲೇ ಕಳಪೆ ಇರಬೇಕು ಅಂತ ಇನ್ನೊಂದು ಹಾಕಿದೆ. ಮತ್ತೆ ಬಂತು. ಮೂರನೇ ಸಲ ಪಂಪಿಗೆ ಕೈ ಹಾಕದೆ ಟಾರ್ಚ್ ಹಿಡಿದು ಸುಮ್ನೆ ಕೂತೆ. ಮೇಲಿರುವ ಪ್ಲಾಸ್ಟಿಕ್ ಡಬ್ಬಿಯ ಕೆಳಗಿನ ಮೂತಿಯಲ್ಲಿ ಕೂದಲೆಳೆಯಷ್ಟು ಸೀಳು. ಬಿಸಿಯಾದಾಗ ಮಾತ್ರ ಅದು ಬಾಯಿ ಬಿಡುತ್ತಿತ್ತು. ಎಣ್ಣೆ ಹೋಸಿನ ಹಿಂಬದಿಯಲ್ಲಿ ಇಳಿದು ಸೀದಾ ಪಂಪಿನ ಮೂಗಿನ ಮೇಲೆ ಕೂರುತ್ತಿತ್ತು. ಎರಡು ಸೀಲಿನ ದುಡ್ಡು ವಾಪಸ್ ಕೊಟ್ಟೆ. ಮಾಲೀಕರು ಬೈಯಲಿಲ್ಲ, ಅದೇ ಜಾಸ್ತಿ ನೋವಾಯಿತು.

ಹಾಗಾಗಿ ನಿಮ್ಮ ಗಾಡಿಯನ್ನು ಮೊದಲು ತೊಳೆಯಬೇಕು. ಎಂಜಿನ್ ತಣ್ಣಗಿರುವಾಗ ಆಲ್ಟರ್ನೇಟರಿಗೆ ಒಂದು ಪ್ಲಾಸ್ಟಿಕ್ ಕವರ್ ಕಟ್ಟಿ. ಡಬ್ಬಿ, ಹೋಸು, ಪಂಪು, ರ‍್ಯಾಕು ಎಲ್ಲದರ ಮೇಲಿನ ಹಳೇ ಜಿಡ್ಡನ್ನು ಬ್ರಷ್‌ನಿಂದ ಉಜ್ಜಿ ತೆಗೆಯಿರಿ. ಕೊನೆಗೆ ಬ್ರೇಕ್ ಕ್ಲೀನರ್ ಸ್ಪ್ರೇ ಹೊಡೆದು ಒಣಗಲು ಬಿಡಿ. ಸೀಮೆಎಣ್ಣೆ, ಡೀಸೆಲ್ ಹಾಕಿ ತೊಳೆದರೆ ಜಿಡ್ಡು ಹೋಗುತ್ತದೆ, ಆದರೆ ತೆಳುವಾದ ಪಸೆ ಉಳಿದು ಆಮೇಲೆ ನಿಮ್ಮನ್ನೇ ಗೊಂದಲಕ್ಕೆ ಹಾಕುತ್ತದೆ. ಒಣಗಿದ ಮೇಲೆ ಮುಖಕ್ಕೆ ಹಾಕುವ ಪೌಡರನ್ನು ಹೋಸಿನ ಜೋಡಣೆಗಳ ಮೇಲೆ ತೆಳುವಾಗಿ ಉದುರಿಸಿ. ಬೆಲ್ಟಿನ ಮೇಲೆ ಬೀಳಬಾರದು. ಪೌಡರ್ ಇಲ್ಲದಿದ್ದರೆ ವಿಭೂತಿಯೂ ನಡೆಯುತ್ತದೆ, ನಾನು ಅದನ್ನೇ ಬಳಸಿದ್ದೂ ಉಂಟು. ಬಿಳಿ ಪುಡಿಯ ಮೇಲೆ ಕೆಂಪು ಎಣ್ಣೆ ಒಂದು ತೊಟ್ಟು ಬಂದರೂ ಕುಂಕುಮ ಇಟ್ಟ ಹಾಗೆ ಕಾಣುತ್ತದೆ.

ಈಗ ಗೇರ್ ನ್ಯೂಟ್ರಲ್‌ಗೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು, ಎಂಜಿನ್ ಚಾಲೂ ಮಾಡಿ. ಮನೆಯವರೊಬ್ಬರು ಸ್ಟೀರಿಂಗನ್ನು ಎಡಗೊನೆಯಿಂದ ಬಲಗೊನೆಗೆ ನಿಧಾನ ತಿರುಗಿಸಲಿ. ನೀವು ಟಾರ್ಚ್ ಹಿಡಿದು ನೋಡಿ. ಕೈ, ಬಟ್ಟೆ, ಟಾರ್ಚಿನ ದಾರ ಎಲ್ಲವೂ ಬೆಲ್ಟು ಮತ್ತು ಫ್ಯಾನಿನಿಂದ ದೂರ ಇರಲಿ. ಗಾಡಿ ಕೆಳಗೆ ತೂರುವುದಂತೂ ಬೇಡ. ಸ್ಟೀರಿಂಗ್ ಪೂರ್ತಿ ಒಂದು ಕೊನೆಗೆ ಹೋದಾಗ ‘ಸುಯ್’ ಅನ್ನುವ ಸದ್ದು ಬರುತ್ತದೆ ಅಲ್ವಾ, ಅದು ಪಂಪಿನ ಒತ್ತಡ ಮಿತಿ ಮುಟ್ಟಿ ರಿಲೀಫ್ ವಾಲ್ವ್ ತೆರೆದ ಸದ್ದು. ಆ ಕ್ಷಣದಲ್ಲಿ ಪ್ರೆಷರ್ ಹೋಸಿನಲ್ಲಿ, ಅಂದರೆ ಪಂಪಿನಿಂದ ರ‍್ಯಾಕಿಗೆ ಎಣ್ಣೆ ಒಯ್ಯುವ ಕೊಳವೆಯಲ್ಲಿ, ಸುಮಾರು 80ರಿಂದ 100 ಬಾರ್ ಒತ್ತಡ ಇರಬಹುದು. ಕಾರಿನ ಟಯರಿನಲ್ಲಿ ಇರುವುದು ಎರಡು ಬಾರ್‌ಗಿಂತ ಸ್ವಲ್ಪ ಜಾಸ್ತಿ ಅಷ್ಟೆ. ಹಾಗಾಗಿ ಕೊನೆಯಲ್ಲಿ ಐದು ಸೆಕೆಂಡಿಗಿಂತ ಹೆಚ್ಚು ಹಿಡಿಯಬಾರದು. ಎಣ್ಣೆ ವಿಪರೀತ ಬಿಸಿಯಾಗುತ್ತದೆ, ಹಳೇ ಸೀಲಿಗೆ ಅದೇ ಶತ್ರು. ಎಂಜಿನ್ ಓಡುತ್ತಿರುವಾಗ ಸೋರುವ ಹೋಸನ್ನು ಬೆರಳಿಂದ ಮುಟ್ಟಿ ನೋಡಲೂಬೇಡಿ. ಅಷ್ಟು ಒತ್ತಡದ ಎಣ್ಣೆ ಚರ್ಮದೊಳಗೇ ನುಗ್ಗುತ್ತದೆ.

ತಕ್ಷಣ ಏನೂ ಕಾಣದಿದ್ದರೆ ನಿರಾಶರಾಗಬೇಡಿ. ಎರಡು ದಿನ ಓಡಿಸಿ, ರಾತ್ರಿ ಗಾಡಿ ಕೆಳಗೆ ದೊಡ್ಡ ರಟ್ಟು ಹಾಸಿ, ಮುಂದಿನ ಚಕ್ರಗಳ ಜಾಗವನ್ನು ಪೆನ್ನಿನಿಂದ ಗುರುತು ಮಾಡಿ. ಕಲೆ ಎಂಜಿನ್ನಿನ ಯಾವ ಬದಿಗೆ ಬಿದ್ದಿದೆ ಅನ್ನುವುದೇ ಅರ್ಧ ಉತ್ತರ. ನೀವು ಕೆಂಪು ಕಲೆ ಅಂದಿದ್ದೀರಿ, ಅದು ಎಟಿಎಫ್ ಬಣ್ಣ. ಎಟಿಎಫ್ ಅಂದರೆ ಆಟೊಮ್ಯಾಟಿಕ್ ಗೇರ್ ಬಾಕ್ಸಿನ ಎಣ್ಣೆ, ಹಲವು ಗಾಡಿಗಳ ಪವರ್ ಸ್ಟೀರಿಂಗಿಗೂ ಅದನ್ನೇ ಹಾಕುತ್ತಾರೆ. ಕೆಲವು ಗಾಡಿಗಳಲ್ಲಿ ಕೂಲಂಟ್ ಕೂಡ ಕೆಂಪೇ, ಹಾಗಾಗಿ ಬೆರಳಲ್ಲಿ ಮುಟ್ಟಿ ನೋಡಿ. ಎಟಿಎಫ್ ಜಾರುತ್ತದೆ, ನೀರಿನಲ್ಲಿ ತೊಳೆದರೆ ಹೋಗುವುದಿಲ್ಲ. ಕೂಲಂಟ್ ತೊಳೆದರೆ ಹೋಗುತ್ತದೆ.

ಸೋರುವ ಜಾಗ ಸಿಕ್ಕ ಮೇಲೆ ಕಥೆ ಬೇರೆ ಬೇರೆ.

ಹಳೇ ಗಾಡಿಗಳಲ್ಲಿ ನಾನು ಎಲ್ಲಕ್ಕಿಂತ ಮೊದಲು ಅನುಮಾನ ಪಡುವುದು ರಿಟರ್ನ್ ಹೋಸನ್ನು, ಅಂದರೆ ರ‍್ಯಾಕಿನಿಂದ ಡಬ್ಬಿಗೆ ಎಣ್ಣೆ ವಾಪಸ್ ತರುವ ಕೊಳವೆಯನ್ನು. ಇದರಲ್ಲಿ ಒತ್ತಡ ಕಡಿಮೆ, ಬರೀ ಸ್ಪ್ರಿಂಗ್ ಕ್ಲಿಪ್ಪಿನ ಮೇಲೆ ನಿಂತಿರುತ್ತದೆ. ಹದಿನೈದು ವರ್ಷದ ಬಿಸಿಗೆ ರಬ್ಬರಿನ ತುದಿ ಗಟ್ಟಿಯಾಗಿರುತ್ತದೆ, ಉಗುರು ಒತ್ತಿದರೂ ಇಳಿಯುವುದಿಲ್ಲ. ಚಳಿಗೆ ಅದು ಕುಗ್ಗುತ್ತದೆ, ರಾತ್ರಿಯೆಲ್ಲ ತೊಟ್ಟಿಕ್ಕುತ್ತದೆ. ಎಂಜಿನ್ ಬಿಸಿಯಾದ ಮೇಲೆ ಹಿಗ್ಗಿ ಮುಚ್ಚಿಕೊಳ್ಳುತ್ತದೆ. ನಿಮ್ಮ ಬೆಳಗಿನ ಕಲೆ ಇದೇ ಇರಬಹುದು ಅಂತ ನನ್ನ ಗುಮಾನಿ. ಹೋಸು ಉದ್ದವಿದ್ದರೆ ತುದಿಯನ್ನು ಅರ್ಧ ಇಂಚು ಕತ್ತರಿಸಿ, ಹೊಸ ಜಾಗದಲ್ಲಿ ಹೊಸ ಕ್ಲಿಪ್ ಹಾಕಿದರೆ ಮುಗಿಯಿತು. ಕ್ಲಿಪ್ಪಿಗೆ ಒಂದು ಮಸಾಲೆದೋಸೆಯ ದುಡ್ಡೂ ಆಗುವುದಿಲ್ಲ. ಹೋಸನ್ನೇ ಬದಲಿಸುವುದಾದರೆ ಎಣ್ಣೆ ತಡೆಯುವ ರಬ್ಬರಿನದ್ದೇ ಬೇಕು. ರೇಡಿಯೇಟರ್ ಪೈಪಿನ ತುಂಡು ಹಾಕುವ ಪುಣ್ಯಾತ್ಮರಿದ್ದಾರೆ, ಅದು ಎಣ್ಣೆಗೆ ಊದಿ ಮೆತ್ತಗಾಗುತ್ತದೆ.

ಪ್ರೆಷರ್ ಹೋಸಿನ ಕಥೆಯೇ ಬೇರೆ. ಅದು ಸೋರುವುದು ಸಾಮಾನ್ಯವಾಗಿ ರಬ್ಬರಿಗೂ ಕಬ್ಬಿಣಕ್ಕೂ ಒತ್ತಿ ಕೂರಿಸಿದ ಕ್ರಿಂಪಿನ ಹತ್ತಿರ. ಅಲ್ಲಿ ಮೇಲಿಂದ ಕ್ಲಿಪ್ ಬಿಗಿಯುವುದು, ಎಂ-ಸೀಲ್ ಮೆತ್ತುವುದು, ಟೇಪ್ ಸುತ್ತುವುದು ಯಾವುದೂ ನಡೆಯುವುದಿಲ್ಲ. 100 ಬಾರ್ ಮುಂದೆ ಅವೆಲ್ಲ ಯಾವ ಲೆಕ್ಕ? ಈ ಹೋಸು ಸೋರುತ್ತಿದ್ದರೆ ತೊಟ್ಟು ಎಷ್ಟೇ ಸಣ್ಣದಿರಲಿ, ಘಾಟಿ ಇಳಿಯುವ ಮೊದಲು ಬದಲಿಸಲೇಬೇಕು. ಅದು ನಿಧಾನಕ್ಕೆ ಹಾಳಾಗುತ್ತಾ ಹೋಗಿ ಒಂದು ದಿನ ಒಮ್ಮೆಲೇ ಬಿಟ್ಟುಕೊಳ್ಳುವ ಜಾತಿ. ಪಕ್ಕದಲ್ಲೇ ಕಾದ ಎಗ್ಸಾಸ್ಟ್ ಇದ್ದರೆ ಅದರ ಮೇಲೆ ಚಿಮ್ಮಿದ ಎಣ್ಣೆಗೆ ಬೆಂಕಿ ಹತ್ತಬಹುದು. ಕಂಪನಿ ಹೋಸು ದುಬಾರಿಯಾದರೆ ಅಥವಾ ಸಿಗದಿದ್ದರೆ ಜೆಸಿಬಿ, ಟ್ರ್ಯಾಕ್ಟರುಗಳಿಗೆ ಹೈಡ್ರಾಲಿಕ್ ಹೋಸು ಕ್ರಿಂಪ್ ಮಾಡಿಕೊಡುವ ಅಂಗಡಿಗಳನ್ನು ಕೇಳಿ. ಬೆಂಗಳೂರಿನ ಪೀಣ್ಯದಂಥ ಕೈಗಾರಿಕಾ ಪ್ರದೇಶಗಳಲ್ಲಿ ಇವು ಸಿಗುತ್ತವೆ. ಹಳೇ ಹೋಸಿನ ಎರಡೂ ತುದಿಯ ಕಬ್ಬಿಣದ ಕೊಳವೆ ಉಳಿಸಿಕೊಂಡು ನಡುವಿನ ರಬ್ಬರ್ ಮಾತ್ರ ಹೊಸದು ಹಾಕುತ್ತಾರೆ. ಒತ್ತಡ, ಬಿಸಿ, ಎಟಿಎಫ್ ಮೂರನ್ನೂ ತಡೆಯುವಂಥದ್ದೇ ಬೇಕು ಅಂತ ಬಾಯಿಬಿಟ್ಟು ಹೇಳಿ. ತುದಿಗಳು ಒಂದಕ್ಕೊಂದು ಯಾವ ಕೋನದಲ್ಲಿ ತಿರುಗಿದ್ದವು ಅನ್ನುವುದನ್ನು ಬಿಚ್ಚುವ ಮೊದಲು ಫೋಟೋ ತೆಗೆದಿಡಿ. ಇಲ್ಲದಿದ್ದರೆ ಹೊಸ ಹೋಸು ತಿರುಚಿಕೊಂಡು ಕೂರುತ್ತದೆ.

ಪಂಪಿನ ಶಾಫ್ಟ್ ಸೀಲ್ ಹೋಗಿದ್ದರೆ ಪುಲ್ಲಿಯ ಹಿಂದೆ ಎಣ್ಣೆ ಸುತ್ತಲೂ ಎರಚಿದಂತೆ ಕಾಣುತ್ತದೆ. ಸೀಲಿನ ಕಿಟ್ ದುಬಾರಿಯಲ್ಲ, ಬಿಚ್ಚಿ ಕೂರಿಸುವ ಕೂಲಿಯೇ ಜಾಸ್ತಿ. ಆದರೆ ಪುಲ್ಲಿಯನ್ನು ಹಿಡಿದು ಅಲ್ಲಾಡಿಸಿ ನೋಡಲು ಹೇಳಿ. ಆಟ ಇದ್ದರೆ ಬೇರಿಂಗ್ ಸವೆದಿದೆ, ಬರೀ ಸೀಲು ಹಾಕಿದರೆ ಮೂರು ತಿಂಗಳಿಗೆ ಮತ್ತೆ ಅದೇ ರಾಗ.

ಕೊನೆಗೆ ರ‍್ಯಾಕ್. ಇದನ್ನು ಪರೀಕ್ಷೆ ಮಾಡುವ ಜಾಗ ಅದರ ಮೈ ಅಲ್ಲ, ಎರಡು ತುದಿಗಿರುವ ಅಕಾರ್ಡಿಯನ್ನಿನಂಥ ರಬ್ಬರ್ ಬೂಟು. ಬೂಟಿನ ಹೊರಗಿನ ಕ್ಲಿಪ್ ಸಡಿಲಿಸಿ ಅಂಚನ್ನು ಸ್ವಲ್ಪ ಎತ್ತಿದರೆ ಒಳಗಿಂದ ಕೆಂಪು ಎಣ್ಣೆ ಸುರಿಯುತ್ತದಾ ನೋಡಿ. ಸುರಿದರೆ ಒಳಗಿನ ಸೀಲು ಹೋಗಿದೆ, ಗ್ಯಾರೇಜಿನವರು ಸರಿ. ಒಳಗೆ ಬರೀ ಕಪ್ಪು ಗ್ರೀಸ್ ಮೆತ್ತಿಕೊಂಡಿದ್ದರೆ ಅದು ಬಾಲ್ ಜಾಯಿಂಟಿನದ್ದು, ಹೆದರಬೇಕಿಲ್ಲ. ಬೂಟು ಒಳಗೆ ಒಣಗಿದ್ದು ಹೊರಗೆ ಮಾತ್ರ ಒದ್ದೆ ಇದ್ದರೆ ರ‍್ಯಾಕಿನ ತುದಿಯ ಸೀಲಿನದ್ದು ತಪ್ಪಲ್ಲ. ಸ್ಟೀರಿಂಗ್ ರಾಡು ಬಂದು ಸೇರುವ ಪಿನಿಯನ್ ಸೀಲು ಮತ್ತು ಹೋಸಿನ ಜೋಡಣೆಗಳನ್ನು ನೋಡಿ, ಆಮೇಲೆ ಮೇಲಕ್ಕೆ ಹುಡುಕಿ. 28 ಸಾವಿರದ ತೀರ್ಮಾನ ಈ ಎರಡು ನಿಮಿಷದ ಕೆಲಸದ ಮೇಲೆ ನಿಂತಿದೆ.

ಸೀಲು ಹೋಗಿರುವುದು ನಿಜವಾದರೂ ಹೊಸ ರ‍್ಯಾಕೇ ಬೇಕೆಂದಿಲ್ಲ. ಸೀಲ್ ಕಿಟ್ ಹಾಕಿ ರಿಪೇರಿ ಮಾಡುವವರಿದ್ದಾರೆ. ಒಂದೇ ಷರತ್ತು, ಒಳಗಿನ ಹೊಳೆಯುವ ರಾಡಿನ ಮೇಲೆ ತುಕ್ಕಿನ ಗುಳಿ ಇರಬಾರದು. ಬಿಚ್ಚಿದಾಗ ನಿಮ್ಮನ್ನು ಕರೆದು ತೋರಿಸಲು ಹೇಳಿ. ಉಗುರನ್ನು ರಾಡಿನ ಮೇಲೆ ಎಳೆಯಿರಿ. ಉಗುರು ಎಲ್ಲಾದರೂ ಸಿಕ್ಕಿಕೊಂಡರೆ ಹೊಸ ಸೀಲನ್ನು ಆ ಗುಳಿ ಕೆಲವೇ ತಿಂಗಳಲ್ಲಿ ಕೊಯ್ದುಹಾಕುತ್ತದೆ. ಹರಿದ ಬೂಟಿನಲ್ಲಿ ಮಳೆಗಾಲದ ಕೆಸರು ಹೊಕ್ಕ ಗಾಡಿಗಳಲ್ಲಿ ಇದು ಮಾಮೂಲಿ. ಇನ್ನೊಂದು ಮಾತು. ರ‍್ಯಾಕ್ ಬಿಚ್ಚುವಾಗ ಸ್ಟೀರಿಂಗ್ ಚಕ್ರವನ್ನು ಕಟ್ಟಿ ನಿಲ್ಲಿಸಬೇಕು. ಏರ್‌ಬ್ಯಾಗ್ ಇರುವ ಗಾಡಿಯಲ್ಲಿ ಅದು ಸಡಿಲವಾಗಿ ಸುತ್ತಿದರೆ ಒಳಗಿನ ಕ್ಲಾಕ್ ಸ್ಪ್ರಿಂಗ್ ಎಂಬ ಸುರುಳಿ ತಂತಿ ಹರಿದು, ಏರ್‌ಬ್ಯಾಗ್ ದೀಪ ಹತ್ತಿ, ಹಾರ್ನ್ ಕೂಡ ಕೈಕೊಡಬಹುದು. ರ‍್ಯಾಕ್ ಕೂತ ಮೇಲೆ ವೀಲ್ ಅಲೈನ್‌ಮೆಂಟ್ ಕಡ್ಡಾಯ.

ಅಂಗಡಿಯವರ ಬಾಟಲಿ ಪೂರ್ತಿ ಮೋಸವೇನಲ್ಲ. ಗಟ್ಟಿಯಾದ ರಬ್ಬರನ್ನು ಸ್ವಲ್ಪ ಮೆತ್ತಗೆ ಮಾಡಿ ಉಬ್ಬಿಸುವ ರಾಸಾಯನಿಕ ಅದರಲ್ಲಿರುತ್ತದೆ. ಬರೀ ಗಟ್ಟಿಯಾದ ಸೀಲಿಗೆ ಕೆಲವು ತಿಂಗಳು ಉಪಕಾರ ಆಗಬಹುದು. ಹರಿದ ಸೀಲಿಗೆ, ಸೀಳಿದ ಹೋಸಿಗೆ, ಸಡಿಲ ಕ್ಲಿಪ್ಪಿಗೆ ಅದರಿಂದ ಏನೂ ಆಗದು. ಸೋರುವ ಜಾಗವೇ ಗೊತ್ತಿಲ್ಲದೆ ಹಾಕುವುದೆಂದರೆ ಹೊಟ್ಟೆನೋವಿಗೋ ಹಲ್ಲುನೋವಿಗೋ ಗೊತ್ತಿಲ್ಲದೆ ಮಾತ್ರೆ ನುಂಗಿದ ಹಾಗೆ. ಐದು ವರ್ಷ ಓಡಿಸುವ ಗಾಡಿಗೆ ನಾನಂತೂ ಹಾಕುವುದಿಲ್ಲ.

ಎಷ್ಟು ಸೋರುತ್ತಿದೆ ಅನ್ನುವುದಕ್ಕೆ ನೀವು ಲೆಕ್ಕ ಕೊಟ್ಟಿಲ್ಲ. ಮೆಡಿಕಲ್ ಶಾಪಿನಿಂದ 20 ಎಂಎಲ್ ಸಿರಿಂಜ್ ತನ್ನಿ, ಸೂಜಿ ಬೇಡ. ಗಾಡಿ ಸಮತಟ್ಟು ಜಾಗದಲ್ಲಿ ತಣ್ಣಗೆ ನಿಂತಿರುವಾಗ ಡಬ್ಬಿಯ ಕೋಲ್ಡ್ ಗೆರೆಯ ಮೇಲಿನ ತುದಿವರೆಗೆ ತುಂಬಿಸಿ, ಕಿ.ಮೀ. ಬರೆದಿಡಿ. 500 ಕಿ.ಮೀ. ಆದ ಮೇಲೆ ಮತ್ತೆ ಅದೇ ಗೆರೆಗೆ ತರಲು ಎಷ್ಟು ಎಂಎಲ್ ಬೇಕಾಯಿತು ನೋಡಿ. ನನ್ನ ಲೆಕ್ಕ ಹೀಗೆ: ಸಾವಿರ ಕಿ.ಮೀ.ಗೆ 20–30 ಎಂಎಲ್ ಒಳಗಿದ್ದು, ಸೋರುವುದು ಪ್ರೆಷರ್ ಹೋಸು ಅಲ್ಲ ಅಂತ ಖಾತ್ರಿಯಾದರೆ, ಅದು ಬೆವರು. ತಿಂಗಳಿಗೆರಡು ಸಲ ನೋಡಿಕೊಂಡು ಓಡಿಸಬಹುದು. 100 ಎಂಎಲ್ ದಾಟಿದರೆ ಕಾಯಬೇಡಿ. ಡಬ್ಬಿ ಬರಿದಾಗಿ ಪಂಪು ಗಾಳಿ ಕುಡಿಯಲು ಶುರುಮಾಡಿದರೆ ‘ಗುಂಯ್’ ಅಂತ ನರಳುತ್ತದೆ. ಹಾಗೇ ಓಡಿಸಿದರೆ ಅದರ ಒಳಗಿನ ಲೋಹ ಉಜ್ಜಿ, ಆ ಪುಡಿ ರ‍್ಯಾಕಿನೊಳಕ್ಕೂ ಹೋಗುತ್ತದೆ. ಆಗ 28 ಸಾವಿರದ ಮಾತು ನಿಜವಾಗುತ್ತದೆ.

ತುಂಬಿಸುವ ಎಣ್ಣೆ ಮುಚ್ಚಳದ ಮೇಲೆ, ಮಾಲೀಕರ ಕೈಪಿಡಿಯಲ್ಲಿ ಬರೆದದ್ದೇ ಆಗಿರಲಿ. ಕೆಂಪು ಎಣ್ಣೆಯ ಗಾಡಿಗಳಿಗೆ ಸಾಮಾನ್ಯವಾಗಿ ಡೆಕ್ಸ್‌ರಾನ್ 2 ಅಥವಾ 3 ಅಂತ ಇರುತ್ತದೆ, ಅದು ಜನರಲ್ ಮೋಟಾರ್ಸ್ ಕಂಪನಿ ಎಟಿಎಫ್‌ಗೆ ಇಟ್ಟ ದರ್ಜೆಯ ಹೆಸರು. ಡೆಕ್ಸ್‌ರಾನ್ 3ಕ್ಕೆ ಜನರಲ್ ಮೋಟಾರ್ಸ್ ಪರವಾನಗಿ ಕೊಡುವುದನ್ನು 2006ರ ಕೊನೆಗೇ ನಿಲ್ಲಿಸಿತು. ಹಾಗಾಗಿ ಈಗ ಸಿಗುವ ಡಬ್ಬಿಗಳ ಮೇಲೆ ‘ಡೆಕ್ಸ್‌ರಾನ್ 3ಕ್ಕೆ ಹೊಂದುವಂಥದ್ದು’ ಎಂಬರ್ಥದ ಬರಹ ನೋಡುತ್ತೀರಿ, ಒಳ್ಳೆ ಕಂಪನಿಯದ್ದಾದರೆ ಸಾಕು. ಹೋಂಡಾ ತನ್ನದೇ ಎಣ್ಣೆ ಕೇಳುತ್ತದೆ, ಕೆಲವು ಜರ್ಮನ್ ಗಾಡಿಗಳದ್ದು ಹಸಿರು, ಅವನ್ನು ಇದಕ್ಕೆ ಬೆರೆಸಬಾರದು. ನಿಮ್ಮ ಡಬ್ಬಿಯ ಎಣ್ಣೆ ಕಂದು ಬಣ್ಣಕ್ಕೆ ತಿರುಗಿ ಸುಟ್ಟ ವಾಸನೆ ಬರುತ್ತಿದ್ದರೆ, ಅದೇ ಸಿರಿಂಜಿನಲ್ಲಿ ಡಬ್ಬಿಯಷ್ಟನ್ನು ಎಳೆದು ಹೊಸದು ತುಂಬಿ. ಎರಡು ದಿನ ಓಡಿಸಿ ಮತ್ತೆ ಎಳೆಯಿರಿ. ನಾಲ್ಕೈದು ಸಲಕ್ಕೆ ಬಣ್ಣ ತಿಳಿಯಾಗುತ್ತದೆ. ಹಳೇ ಎಣ್ಣೆಯನ್ನು ಚರಂಡಿಗೆ ಸುರಿಯದೆ ಗ್ಯಾರೇಜಿನ ಡ್ರಮ್ಮಿಗೆ ಕೊಡಿ.

ಇನ್ನು ಚಾರ್ಮಾಡಿ. ದಾರಿಯಲ್ಲಿ ಎಣ್ಣೆ ಖಾಲಿಯಾದರೆ ಸ್ಟೀರಿಂಗ್ ಕಳಚಿ ಬೀಳುವುದಿಲ್ಲ. ಸ್ಟೀರಿಂಗಿಗೂ ಚಕ್ರಕ್ಕೂ ಕಬ್ಬಿಣದ ನೇರ ಕೊಂಡಿ ಇದ್ದೇ ಇರುತ್ತದೆ, ಎಣ್ಣೆ ಬರೀ ಕೈಗೆ ಸಹಾಯ. ಆದರೆ ಏಳು ಜನ ಕೂತ ಗಾಡಿಯನ್ನು ಹೇರ್‌ಪಿನ್ ತಿರುವಿನ ನಡುವೆ ಒಮ್ಮೆಲೇ ಸಹಾಯವಿಲ್ಲದೆ ತಿರುಗಿಸುವುದು ಹುಡುಗಾಟವಲ್ಲ, ಅದೂ ಎದುರಿಗೆ ಬಸ್ ಬರುವಾಗ. ಪ್ರೆಷರ್ ಹೋಸು ಒಣಗಿದೆ, ಸೋರಿಕೆ 30 ಎಂಎಲ್ ಒಳಗಿದೆ ಅಂತ ನೀವೇ ಕಣ್ಣಾರೆ ನೋಡಿದ್ದರೆ ಹೊರಡಿ. ಇಲ್ಲದಿದ್ದರೆ ಈ ಸಲ ಬಾಡಿಗೆ ಗಾಡಿ ಮಾಡಿ. ಹೊರಡುವುದಾದರೆ ಅರ್ಧ ಲೀಟರ್ ಎಟಿಎಫ್, ಸಿರಿಂಜು, ಒಂದು ಹಳೇ ಬಟ್ಟೆ ಡಿಕ್ಕಿಯಲ್ಲಿರಲಿ. ಕೊಟ್ಟಿಗೆಹಾರದಲ್ಲಿ ನೀರುದೋಸೆಗೆ ನಿಲ್ಲಿಸಿದಾಗ, ಘಾಟಿ ಇಳಿಯುವ ಮೊದಲು, ಬಾನೆಟ್ ಎತ್ತಿ ಡಬ್ಬಿ ನೋಡಿ. ಎಂಜಿನ್ ಬಿಸಿ ಇರುತ್ತದೆ, ಹಾಗಾಗಿ ಹಾಟ್ ಗೆರೆಗೆ ಹೋಲಿಸಿ, ಕೋಲ್ಡ್ ಗೆರೆಗಲ್ಲ.